ಅಪ್ಪನ ನೀರಿನ ನೋಟ್‌ಬುಕ್ಕಿನ ಗುರುತುಗಳನ್ನು ಪೈಥಾನ್ ಚಾರ್ಟಿನ ಮೇಲೆ ಕೂಡಿಸಿದ ಬಗೆ

ಮಾನ್ವಿ ತಾಲ್ಲೂಕಿನ ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮುನಿರಾಬಾದಿನಲ್ಲಿ ಜಲಾಶಯ ಬಿಟ್ಟು ಹೊರಡುವ ಈ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದವಿದ್ದರೂ ನಮ್ಮ ಕಡೆ ಇವತ್ತಿಗೂ ಅದನ್ನು ಮೈಲಿಯಲ್ಲೇ ಲೆಕ್ಕ ಹಾಕುತ್ತಾರೆ. ಜುಲೈ ಕಳೆಯಿತೆಂದರೆ ಚಹಾದಂಗಡಿಯಲ್ಲಿ ಕೂತವರ ಮೊದಲ ಪ್ರಶ್ನೆ 104ನೇ ಮೈಲಿನಲ್ಲಿ ಗೇಜು, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟಿದೆ ಎಂಬುದೇ ಆಗಿರುತ್ತದೆ. ಗೇಜಿನ ಅಂಕಿ ಏನೇ ಇರಲಿ, ನಮ್ಮ ತೂಬಿಗೆ ಎಷ್ಟು ನೀರು ಬಂತು ಎಂಬುದನ್ನು ಅಪ್ಪ ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಇಡುತ್ತಾರೆ. ಅಕ್ಷರ ಕಡಿಮೆ, ಚಿತ್ರವೇ ಹೆಚ್ಚು. ಒಂದು ತಿಂಗಳಿಗೆ ಒಂದು ಅಡ್ಡಸಾಲು, ಒಂದು ದಿನಕ್ಕೆ ಒಂದು ಮನೆ. ತೂಬು ತುಂಬಿ ಹರಿದ ದಿನ ಪೂರ್ತಿ ತುಂಬಿದ ಸೊನ್ನೆ, ಅರ್ಧ ಹರಿದ ದಿನ ಕೆಳಗಿನ ಅರ್ಧ ಮಾತ್ರ ತುಂಬಿದ ಸೊನ್ನೆ, ನೀರೇ ಬಾರದ ದಿನ ಗುಣಿಸು ಗುರುತು, ಮಳೆ ಬಿದ್ದ ದಿನ ಓರೆಯಾದ ಮೂರು ಗೆರೆ. ಮೇಲಿನ ಭಾಗದಲ್ಲಿ ಯಾರೋ ಕಾಲುವೆಗೆ ಮೋಟರ್ ಹಚ್ಚಿ ನೀರೆತ್ತಿದ್ದರಿಂದ ನಮ್ಮ ಪಾಳಿ ಒಣಗಿದ ದಿನಕ್ಕೆ, ಟ್ರಾನ್ಸ್‌ಫಾರ್ಮರಿನ ಅಪಾಯದ ಫಲಕದ ಮೇಲಿರುವಂಥ ಒಂದು ಮಿಂಚು.

2023ರ ಜೂನ್‌ನಿಂದ ಮುಂದಿನ ಎರಡು ವರ್ಷದ ಪುಟಗಳನ್ನು ಒಂದೇ ನೋಟಕ್ಕೆ ಸಿಗುವಂತೆ, ವರ್ಷಕ್ಕೊಂದು ದೊಡ್ಡ ಹಾಳೆಯ ಚಾರ್ಟ್ ಮಾಡಿಕೊಡಬೇಕೆಂದು ಹೊರಟೆ. ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಮತ್ತು ಅದರಲ್ಲಿ ಚಾರ್ಟ್ ಮಾಡಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ (ಸಿದ್ಧ ಪ್ರೋಗ್ರಾಂಗಳ ಸಂಗ್ರಹ) ನನಗೆ ಕೆಲಸದ ನಿಮಿತ್ತ ಪರಿಚಯವಿದ್ದುದರಿಂದ ಒಂದು ಭಾನುವಾರದ ಕೆಲಸ ಎಂದುಕೊಂಡಿದ್ದೆ. ನಾಲ್ಕು ಭಾನುವಾರ ಹಿಡಿಯಿತು. ತಡವಾದದ್ದು ಗುರುತುಗಳ ಆಕಾರದಿಂದಲ್ಲ. ಆಕಾರವನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಬರೆಯಬಹುದು. ಆ ಆಕಾರವನ್ನು ಚಾರ್ಟ್ ಯಾವ ಬಿಂದುವಿನಲ್ಲಿ ಹಿಡಿದು ನಿಲ್ಲಿಸುತ್ತದೆ, ಎಷ್ಟು ದೊಡ್ಡದು ಮಾಡುತ್ತದೆ ಎಂಬುದು ಅರ್ಥವಾಗುವವರೆಗೆ ಬರೆದದ್ದೆಲ್ಲ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಈ ಬರಹದ ಹೆಚ್ಚಿನ ಭಾಗ ಆ ವಿಷಯಕ್ಕೇ ಮೀಸಲು.

ದಾಖಲೆ ಸೇರಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಗಿ ನೋಟ್‌ಬುಕ್ ಹಿಡಿದು ಓದಿ ಹೇಳಿದಳು, ನಾನು ದಿನಾಂಕದ ಮುಂದೆ ಒಂದೊಂದು ಸಂಕೇತಾಕ್ಷರ ಬರೆಯುತ್ತ ಹೋದೆ; ಎರಡು ಸಂಜೆಯಲ್ಲಿ ಮುಗಿಯಿತು. 2024ರ ಮೊದಲ ತಿಂಗಳುಗಳಿಗೆ ಬಂದಾಗ ಅವಳು "ಗುಣಿಸು, ಗುಣಿಸು, ಗುಣಿಸು" ಎಂದು ಒಂದೇ ರಾಗದಲ್ಲಿ ಹೇಳಿ ಕಡೆಗೆ ಸುಮ್ಮನಾದಳು. ಬರದ ವರ್ಷದ ಬೇಸಿಗೆ ಬೆಳೆಯ ಕಾಲ ಅದು.

ಮೊದಲು ಲೈಬ್ರರಿಯಲ್ಲಿ ಸಿದ್ಧವಿರುವ ಗುರುತುಗಳಿಂದಲೇ ಕೆಲಸ ಸಾಗುತ್ತದೆಯೇ ಎಂದು ನೋಡಿದೆ. ವೃತ್ತ, ಚೌಕ, ತ್ರಿಕೋನ, ನಕ್ಷತ್ರ, ಗುಣಿಸು ಎಲ್ಲಕ್ಕೂ ಒಂದೊಂದು ಅಕ್ಷರವಿದೆ. ಗುಣಿಸು ಗುರುತಿಗಂತೂ ಬರೀ ಗೆರೆಯ ರೂಪ ಬೇರೆ, ಮೈತುಂಬಿದ ರೂಪ ಬೇರೆ. ಅರ್ಧ ತುಂಬಿದ ವೃತ್ತವೂ ಇದೆ, ಆದರೆ ಅದು ಗೆರೆ ಎಳೆಯುವ ಪ್ಲಾಟ್ ಎಂಬ ಆಜ್ಞೆಯಲ್ಲಿ ಮಾತ್ರ ನೆಟ್ಟಗೆ ನಡೆಯುತ್ತದೆ. ಬಿಡಿ ಬಿಂದುಗಳನ್ನು ಹರಡುವ ಸ್ಕ್ಯಾಟರ್‌ಗೆ ಅದೇ ಗುರುತನ್ನು ಕೊಟ್ಟರೆ ಅರ್ಧ ಬಣ್ಣ, ಅರ್ಧ ಬಿಳಿ ಎಂಬ ಭೇದ ಉಳಿಯುವುದಿಲ್ಲ. ಸ್ಕ್ಯಾಟರ್‌ಗೆ ಇನ್ನೊಂದು ಕಟ್ಟುಪಾಡು ಉಂಟು. ಒಂದು ಕರೆಗೆ ಒಂದೇ ಗುರುತು. ಪ್ರತಿ ಬಿಂದುವಿಗೂ ಬೇರೆ ಬೇರೆ ಗುರುತಿನ ಪಟ್ಟಿಯನ್ನು ಒಟ್ಟಿಗೆ ಕೊಟ್ಟರೆ ಅದು ಒಪ್ಪುವುದಿಲ್ಲ. ದಾಖಲೆಯನ್ನು ಗುರುತಿನ ಪ್ರಕಾರ ಬೇರ್ಪಡಿಸಿಕೊಂಡು, ಸೊನ್ನೆಗಳಿಗೆ ಒಂದು ಸಲ, ಮಳೆಗೆ ಒಂದು ಸಲ, ಮೋಟರಿಗೆ ಒಂದು ಸಲ ಎಂದು ಸುತ್ತು ಹಾಕಬೇಕು. ಅದು ತೊಂದರೆಯೇನಲ್ಲ, ಆಮೇಲೆ ಗುರುತುಗಳ ವಿವರಣೆಯ ಪೆಟ್ಟಿಗೆ ಮಾಡುವಾಗ ಇದರಿಂದಲೇ ಅನುಕೂಲವಾಯಿತು.

ಎರಡನೆಯ ಉಪಾಯ, ಅಕ್ಷರವನ್ನೇ ಗುರುತು ಮಾಡುವುದು. ಎರಡು ಡಾಲರ್ ಚಿಹ್ನೆಗಳ ನಡುವೆ ಏನನ್ನು ಬರೆದರೂ ಮ್ಯಾಟ್‌ಪ್ಲಾಟ್‌ಲಿಬ್ ಅದನ್ನು ಗಣಿತದ ಬರವಣಿಗೆ ಎಂದು ತಿಳಿದು ಗುರುತಾಗಿಸುತ್ತದೆ. ಮಳೆಗೆ "ಮ" ಎಂದೇ ಹಾಕಿಬಿಡೋಣ ಎಂದು ಹೊರಟರೆ, ಮಳೆ ಬಂದ ದಿನಗಳೆಲ್ಲ ನಾಲ್ಕು ಕಾಲು ಚಾಚಿದ ತಿಗಣೆಯಂಥ ಒಂದೇ ಚಿಹ್ನೆಯಿಂದ ತುಂಬಿಹೋದವು. ನಮ್ಮ ಮನೆಯ ಮಂಚದಲ್ಲೂ ಅಷ್ಟು ತಿಗಣೆ ಕಂಡಿರಲಿಲ್ಲ. ಗಣಿತದ ಬರವಣಿಗೆಗೆ ಬಳಸುವ ಅಕ್ಷರಮಾಲೆಯಲ್ಲಿ (ಫಾಂಟಿನಲ್ಲಿ) ಕನ್ನಡ ಇಲ್ಲದಿದ್ದಾಗ ಲೈಬ್ರರಿ ಒಂದು ಎಚ್ಚರಿಕೆ ಕೊಟ್ಟು, ಯಾವ ದೇಶಕ್ಕೂ ಸೇರದ ಸಾಮಾನ್ಯ ನಾಣ್ಯ ಚಿಹ್ನೆಯೊಂದನ್ನು ಅಲ್ಲಿ ತುಂಬುತ್ತದೆ. ಆ ತಿಗಣೆ ಅದೇ. ಎಚ್ಚರಿಕೆಯ ಸಾಲುಗಳನ್ನು ಓದದೆ ಪರದೆಯನ್ನೇ ನೋಡುತ್ತ ಕೂತರೆ ಹೀಗಾಗುತ್ತದೆ. ಅಕ್ಷರದ ದಾರಿಯನ್ನು ಅಲ್ಲಿಗೇ ಬಿಟ್ಟೆ. ಹೇಗೂ ಅಪ್ಪ ಬರೆದದ್ದು ಅಕ್ಷರವಲ್ಲ, ಚಿತ್ರ.

ಉಳಿದದ್ದು ಸ್ವಂತ ಆಕಾರದ ದಾರಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಪಾತ್ ಎಂಬ ವಸ್ತು ಇದೆ. ಅದಕ್ಕೆ ಎರಡು ಪಟ್ಟಿ ಕೊಡಬೇಕು: ಒಂದು ಬಿಂದುಗಳದು, ಇನ್ನೊಂದು ಆ ಬಿಂದುವಿಗೆ ಹೇಗೆ ಹೋಗಬೇಕೆಂಬ ಸಂಕೇತ ಸಂಖ್ಯೆಗಳದು. 1 ಎಂದರೆ ಪೆನ್ನು ಎತ್ತಿ ಆ ಬಿಂದುವಿಗೆ ಹೋಗು. 2 ಎಂದರೆ ಗೆರೆ ಎಳೆಯುತ್ತ ಹೋಗು. 3 ಮತ್ತು 4 ವಕ್ರರೇಖೆಗಳು, ಮೊದಲನೆಯದಕ್ಕೆ ಎರಡು ಬಿಂದು, ಎರಡನೆಯದಕ್ಕೆ ಮೂರು ಬಿಂದು ಬೇಕು. 79 ಎಂದರೆ ಹೊರಟಲ್ಲಿಗೇ ಮರಳಿ ಆಕೃತಿಯನ್ನು ಮುಚ್ಚು. ಎರಡೂ ಪಟ್ಟಿಗಳ ಉದ್ದ ಒಂದೇ ಇರಬೇಕು, ಇಲ್ಲದಿದ್ದರೆ ಅಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ. ಮುಚ್ಚುವ ಸಂಕೇತಕ್ಕೂ ಒಂದು ಬಿಂದು ಕೊಡಲೇಬೇಕು. ಚಿತ್ರಿಸುವಾಗ ಆ ಬಿಂದುವನ್ನು ಲೈಬ್ರರಿ ಲೆಕ್ಕಿಸುವುದಿಲ್ಲವೆಂದು ಎಲ್ಲರೂ ಸೊನ್ನೆ ಸೊನ್ನೆ ಎಂದು ಬರೆದುಬಿಡುತ್ತಾರೆ. ನಾನೂ ಹಾಗೇ ಬರೆದೆ. ಈ ಸೊನ್ನೆಗಳು ಮುಂದೆ ನನ್ನನ್ನು ಕಾಡಿದ್ದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮಿಂಚು ಮೊದಲು ಸಿದ್ಧವಾಯಿತು. ಚೌಕುಳಿ ಹಾಳೆಯ ಮೇಲೆ ನಡುವೆ ಮೂಲಬಿಂದು ಇಟ್ಟು, ನಾಲ್ಕೂ ಕಡೆಗೆ ಒಂದೊಂದು ಮಾನದ ಪೆಟ್ಟಿಗೆ ಹಾಕಿ, ಮೇಲಿನ ತುದಿ (0.2, 1), ಅಲ್ಲಿಂದ ಎಡಕ್ಕೆ ಇಳಿದು (-0.6, -0.1), ಒಳಕ್ಕೆ ಸರಿದು (-0.05, -0.1), ಕೆಳಗಿನ ತುದಿ (-0.2, -1), ಮತ್ತೆ ಬಲಕ್ಕೆ ಏರಿ (0.6, 0.2), ಒಳಕ್ಕೆ (0.05, 0.2), ಮುಚ್ಚು. ಸಂಕೇತಗಳು 1, ಐದು ಸಲ 2, ಕೊನೆಗೆ 79. ಇದನ್ನು ಸ್ಕ್ಯಾಟರ್‌ನ ಮಾರ್ಕರ್ ಜಾಗಕ್ಕೆ ಕೊಟ್ಟ ಕೂಡಲೇ ಮಿಂಚು ಮಿಂಚಿನಂತೆಯೇ ಮೂಡಿತು, ಆದರೆ ಧೂಳಿನ ಕಣದಷ್ಟು. ಪ್ಲಾಟ್‌ಗೆ ಗುರುತಿನ ಗಾತ್ರವನ್ನು ಪಾಯಿಂಟ್‌ಗಳಲ್ಲಿ, ಅಂದರೆ ಇಂಚಿಗೆ 72ರ ಲೆಕ್ಕದಲ್ಲಿ ಕೊಡಬೇಕು. ಸ್ಕ್ಯಾಟರ್‌ಗೆ ಅದೇ ಗಾತ್ರದ ವರ್ಗವನ್ನು ಕೊಡಬೇಕು. ನಾನು 14 ಎಂದು ಬರೆದಿದ್ದೆ, ಅದು 14ರ ವರ್ಗಮೂಲವನ್ನು ತೆಗೆದುಕೊಂಡು ನಾಲ್ಕು ಪಾಯಿಂಟಿಗೂ ಕಡಿಮೆ ಮಾಡಿತ್ತು. 196 ಎಂದು ಬರೆದಾಗ ಸರಿಹೋಯಿತು. ಇದು ವರ್ಷಗಳಿಂದ ಗೊತ್ತಿರುವ ವಿಷಯವೇ ಆದರೂ ಪ್ರತಿ ಸಲವೂ ಮರೆಯುತ್ತೇನೆ.

ಮಳೆಯ ಮೂರು ಗೆರೆ ಅದಕ್ಕಿಂತ ಸುಲಭ ಎಂದುಕೊಂಡು ಆರು ಬಿಂದುಗಳಲ್ಲಿ ಮುಗಿಸಿದೆ: ಪೆನ್ನೆತ್ತು, ಗೆರೆ, ಪೆನ್ನೆತ್ತು, ಗೆರೆ, ಪೆನ್ನೆತ್ತು, ಗೆರೆ. ಚಾರ್ಟಿನಲ್ಲಿ ಮಳೆಯೇ ಇಲ್ಲ. ಗುರುತುಗಳ ಸುತ್ತ ಅಂಚುಗೆರೆ ಬೇಡವೆಂದು ನಾನು ಅದರ ದಪ್ಪಕ್ಕೆ ಸೊನ್ನೆ ಕೊಟ್ಟಿದ್ದೆ. ಬಣ್ಣ ತುಂಬುವುದಕ್ಕೆ ಬರಿಯ ಗೆರೆಗೆ ಒಡಲೇ ಇಲ್ಲ, ಅಂಚನ್ನು ತೆಗೆದ ಮೇಲೆ ಕಾಣುವುದಕ್ಕೆ ಏನೂ ಉಳಿದಿರಲಿಲ್ಲ. ಒಂದೊಂದು ಗೆರೆಯನ್ನೂ ನಾಲ್ಕು ಮೂಲೆಯ ತೆಳ್ಳನೆಯ ಓರೆಪಟ್ಟಿಯಾಗಿ ಬರೆದಾಗ ಮಳೆ ಬಂತು.

ಅರೆತುಂಬಿದ ಸೊನ್ನೆಯಲ್ಲಿ ಇನ್ನೊಂದು ಪಾಠವಾಯಿತು. ಹೊರವೃತ್ತ, ಅದರೊಳಗೆ ಸ್ವಲ್ಪ ಚಿಕ್ಕದಾದ ಒಳವೃತ್ತ, ಇವೆರಡರ ನಡುವಿನ ಬಳೆ, ಜೊತೆಗೆ ಕೆಳಗೆ ತುಂಬಿದ ಅರ್ಧಚಂದ್ರ: ಇಷ್ಟು ಸೇರಿ ಒಂದೇ ಪಾತ್. ವೃತ್ತವನ್ನು ನಾಲ್ಕು ವಕ್ರರೇಖೆಗಳಲ್ಲಿ ಬರೆಯುವಾಗ ಗೆರೆಯನ್ನು ಬಾಗಿಸುವ ನಡುವಿನ ಹಿಡಿಬಿಂದುಗಳನ್ನು ತುದಿಗಳಿಂದ ತ್ರಿಜ್ಯದ 0.5523 ಪಾಲು ದೂರದಲ್ಲಿ ಇಟ್ಟರೆ ಕಣ್ಣಿಗೆ ನಿಜವಾದ ವೃತ್ತವೇ ಕಾಣುತ್ತದೆ. ಹಾಗೆಯೇ ಎರಡೂ ವೃತ್ತ ಬರೆದೆ, ಬಂದದ್ದು ಮಾತ್ರ ಪೂರ್ತಿ ತುಂಬಿದ ಬಿಲ್ಲೆ. ಅಪ್ಪನ ನೋಟ್‌ಬುಕ್ಕಿನಲ್ಲಿ ಅರ್ಧ ನೀರು ಬಂದ ದಿನಗಳೆಲ್ಲ ನನ್ನ ಚಾರ್ಟಿನಲ್ಲಿ ತೂಬು ತುಂಬಿ ಹರಿದಿದ್ದವು. ನೀರಾವರಿ ಕಚೇರಿಯ ಲೆಕ್ಕಕ್ಕೆ ಇದು ಒಪ್ಪಿತವಾಗಬಹುದಿತ್ತೇನೋ.

ಕಾರಣ ಸುತ್ತುವ ದಿಕ್ಕಿನಲ್ಲಿತ್ತು. ಒಂದು ಬಿಂದು ಆಕೃತಿಯ ಒಳಗೋ ಹೊರಗೋ ಎಂದು ತೀರ್ಮಾನಿಸುವಾಗ, ಅದರ ಸುತ್ತ ಗೆರೆ ಎಷ್ಟು ಸಲ ಸುತ್ತಿದೆ ಎಂದು ಎಣಿಸಲಾಗುತ್ತದೆ. ಪ್ರದಕ್ಷಿಣೆಯ ಒಂದು ಸುತ್ತು ಒಂದು ಕೂಡಿದರೆ, ಅಪ್ರದಕ್ಷಿಣೆಯ ಸುತ್ತು ಒಂದು ಕಳೆಯುತ್ತದೆ, ಮೊತ್ತ ಸೊನ್ನೆ ಆದಲ್ಲಿ ಮಾತ್ರ ಬಣ್ಣ ಬೀಳುವುದಿಲ್ಲ. ನನ್ನ ಎರಡೂ ವೃತ್ತಗಳು ಒಂದೇ ದಿಕ್ಕಿಗೆ ಸುತ್ತಿದ್ದರಿಂದ ಒಳಗಿನ ಮೊತ್ತ 2 ಆಗಿ ಬಣ್ಣ ತುಂಬಿಕೊಂಡಿತ್ತು. ಒಳವೃತ್ತದ ಬಿಂದುಗಳ ಕ್ರಮವನ್ನು ತಿರುಗಿಸಿ ಅಪ್ರದಕ್ಷಿಣೆ ಹಾಕಿಸಿದಾಗ ಬಳೆ ಬಳೆಯಾಯಿತು. ಅರ್ಧಚಂದ್ರವನ್ನು ಮತ್ತೆ ಹೊರವೃತ್ತದ ದಿಕ್ಕಿಗೇ ಸುತ್ತಿಸಬೇಕೆಂಬುದು ಇಷ್ಟು ತಿಳಿದ ಮೇಲೆ ತಾನಾಗಿ ಹೊಳೆಯಿತು.

ಇನ್ನು ಗೇಟು. ಈ ಗುರುತನ್ನು ಅಪ್ಪ ಎರಡು ವರ್ಷದಲ್ಲಿ ಒಂದೇ ಸಲ ಬರೆದಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುದ್ದಿ ನಮ್ಮೂರಿಗೆ ಮುಟ್ಟಿದ್ದು ಮರುದಿನ ಭಾನುವಾರ ಬೆಳಿಗ್ಗೆ. 11ನೇ ತಾರೀಖಿನ ಮನೆಯಲ್ಲಿ ಅಪ್ಪ ಒಂದು ಚೌಕಟ್ಟು ಬರೆದು, ಅದರ ಮೇಲೆ ಎರಡು ಸರಪಳಿ ಎಳೆದು, ಒಂದನ್ನು ನಡುವೆ ತುಂಡು ಮಾಡಿದ್ದಾರೆ. ಆ ಗೇಟುಗಳ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಅಪ್ಪನ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಚೌಕವಾಗಿದೆ. ಅಳತೆಗೆ ಸರಿಯಾಗಿ ತಿದ್ದಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ಅವರ ಕೈಯ ಚೌಕವನ್ನೇ ಉಳಿಸಿಕೊಂಡೆ. ಓದುವವರು ಅವರು.

ಇದರ ಸರಪಳಿಯ ಕೊಂಡಿಗಳನ್ನು ಚೌಕುಳಿ ಹಾಳೆಯಲ್ಲಿ ಲೆಕ್ಕ ಹಾಕುವ ತಾಳ್ಮೆ ಇರಲಿಲ್ಲ. ಪುಟದ ಫೋಟೋ ತೆಗೆದು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಇಟ್ಟು, ಮೇಲೆ ಪೆನ್ ಸಾಧನದಿಂದ ತಿದ್ದಿ, ಚಿತ್ರವನ್ನು ಬಿಂದು, ಗೆರೆಗಳ ಅಂಕಿಗಳಾಗಿ ಉಳಿಸುವ ಎಸ್‌ವಿಜಿ ಕಡತದಿಂದ ಬಿಂದುಗಳ ಸಾಲನ್ನು ನಕಲು ಮಾಡಿಕೊಂಡೆ. ಇಂಕ್‌ಸ್ಕೇಪ್ ಆ ಸಾಲನ್ನು ಹಿಂದಿನ ಬಿಂದುವಿನಿಂದ ಇಷ್ಟು ದೂರ ಎಂಬ ಸಾಪೇಕ್ಷ ಲೆಕ್ಕದಲ್ಲಿ ಬರೆಯುವುದುಂಟು. ಆದ್ಯತೆಗಳಲ್ಲಿ ಎಸ್‌ವಿಜಿ ಔಟ್‌ಪುಟ್ ಎಂಬಲ್ಲಿ ಅದನ್ನು ನೇರ ಸ್ಥಾನದ ಲೆಕ್ಕಕ್ಕೆ ಬದಲಿಸಿಕೊಂಡರೆ, ಅದನ್ನು ಪಾತ್ ಆಗಿ ಪರಿವರ್ತಿಸುವ ಪ್ರೋಗ್ರಾಂ ಮೂವತ್ತು ಸಾಲಿನೊಳಗೆ ಮುಗಿಯುತ್ತದೆ. ನಾನೇ ಬರೆದೆ.

ಗೇಟನ್ನು ತಿಂಗಳ ಸಾಲುಗಳ ಮೇಲ್ಭಾಗದಲ್ಲಿ ಜಲಾಶಯದ ಮಟ್ಟದ ರೇಖೆಯ ಮೇಲೂ ತೋರಿಸಬೇಕೆಂದಿದ್ದೆ. ಪತ್ರಿಕೆಯಲ್ಲಿ ಬರುವ ಮಟ್ಟವನ್ನು ವಾರಕ್ಕೊಮ್ಮೆಯಂತೆ ಸೇರಿಸಿ, ಪೂರ್ಣ ಮಟ್ಟವಾದ 1633 ಅಡಿಗೆ ಒಂದು ತುಂಡುಗೆರೆ ಎಳೆದಿದ್ದೆ. ಆ ರೇಖೆಯ ಮೇಲೆ 24 ಪಾಯಿಂಟ್ ಗಾತ್ರದ ಗೇಟು ನಿಲ್ಲಬೇಕಿತ್ತು. ನಿಂತದ್ದು ಒಂದು ಚುಕ್ಕೆ, ಅದೂ ರೇಖೆಯ ಮೇಲಲ್ಲ, ಬಲಕ್ಕೆ ಮೇಲಕ್ಕೆ ಸರಿದು, ತಲೆಕೆಳಗಾಗಿ. ತಲೆಕೆಳಗಾದದ್ದು ಭೂತಗನ್ನಡಿ ಹಾಕಿದಷ್ಟು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು.

ತಲೆಕೆಳಗಾಗುವುದಕ್ಕೆ ಕಾರಣ ಸರಳ. ಎಸ್‌ವಿಜಿಯಲ್ಲಿ ಲಂಬ ಅಳತೆ ಮೇಲಿನಿಂದ ಕೆಳಕ್ಕೆ ಹೆಚ್ಚುತ್ತದೆ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕೆಳಗಿನಿಂದ ಮೇಲಕ್ಕೆ. ಲಂಬ ಅಂಕಿಗಳನ್ನೆಲ್ಲ -1ರಿಂದ ಗುಣಿಸಿದರೆ ಸರಿ. ಗುಣಿಸಿದೆ. ಗೇಟು ನೆಟ್ಟಗಾಯಿತು, ಮೇಲೆ ಸರಿದಿದ್ದದ್ದು ಈಗ ಕೆಳಕ್ಕೆ ಸರಿಯಿತು.

ಸ್ಥಳ ಮತ್ತು ಗಾತ್ರದ ಗುಟ್ಟು ತಿಳಿಯಲು ಲೈಬ್ರರಿಯ ಒಳಗಿನ ಬರವಣಿಗೆಯನ್ನೇ ತೆರೆದು ಓದಬೇಕಾಯಿತು. ಅಲ್ಲಿರುವುದು ನಾಲ್ಕೇ ಸಾಲು. ಸ್ವಂತ ಪಾತ್ ಕೊಟ್ಟಾಗ ಲೈಬ್ರರಿ ಅದರ ಎಲ್ಲ ಬಿಂದುಗಳ ಅಂಕಿಗಳಲ್ಲಿ, ಋಣ ಧನ ಎಣಿಸದೆ, ಅತಿ ದೊಡ್ಡದು ಯಾವುದೆಂದು ನೋಡುತ್ತದೆ, 0.5ನ್ನು ಆ ಅಂಕಿಯಿಂದ ಭಾಗಿಸಿ, ಬಂದ ಪ್ರಮಾಣದಲ್ಲಿ ಇಡೀ ಆಕೃತಿಯನ್ನು ಕುಗ್ಗಿಸುತ್ತದೆ ಇಲ್ಲವೇ ಹಿಗ್ಗಿಸುತ್ತದೆ. ಆಕೃತಿಯ ನಡುಭಾಗ ಎಲ್ಲಿದೆ ಎಂದು ಅದು ಹುಡುಕುವುದಿಲ್ಲ. ಪಾತ್‌ನ ಮೂಲಬಿಂದು, ಅಂದರೆ (0, 0), ದಾಖಲೆಯ ಬಿಂದುವಿನ ಮೇಲೆ ಕೂರುತ್ತದೆ, ಅಷ್ಟೇ.

ನನ್ನ ಗೇಟು ಇಂಕ್‌ಸ್ಕೇಪ್ ಹಾಳೆಯಲ್ಲಿ ಎರಡೂ ಅಳತೆಯಲ್ಲಿ 100ರಿಂದ 120ರ ನಡುವೆ ಇತ್ತು. ಅತಿ ದೊಡ್ಡ ಅಂಕಿ 120. ಆದ್ದರಿಂದ 20 ಮಾನದ ಗೇಟು 24 ಪಾಯಿಂಟಿನ ಬದಲು ಅದರ ಹನ್ನೆರಡನೆಯ ಒಂದು ಪಾಲು, ಎರಡು ಪಾಯಿಂಟ್ ಆಯಿತು. ಅದರ ನಡುಭಾಗ ಮೂಲಬಿಂದುವಿನಿಂದ 11 ಪಾಯಿಂಟ್ ಆಚೆ ಹೋಗಿ ನಿಂತಿತು. ಹತ್ತು ಇಂಚಿನ, ಎಂದರೆ 720 ಪಾಯಿಂಟಿನ ಅಕ್ಷದಲ್ಲಿ 365 ದಿನ ಹರಡಿದರೆ ಒಂದು ದಿನಕ್ಕೆ ಸುಮಾರು ಎರಡು ಪಾಯಿಂಟ್. ಹಾಗಾಗಿ 11 ಪಾಯಿಂಟಿನ ಈ ಸರಿದಾಟ ಐದೂವರೆ ದಿನದಷ್ಟು. ಆಗಸ್ಟ್ 11ರ ಗೇಟು 16 ದಾಟಿ 17ರ ಬಾಗಿಲಿಗೆ ಬಂದಿತ್ತು. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನು ಇಳಿಸಿ ಆ ಬಾಯಿಯನ್ನು ಮುಚ್ಚಿದ ದಿನಗಳು ಅವು. ಮುಚ್ಚಿದ ದಿನವೇ ಗೇಟು ಮುರಿಯಿತೆಂದು ಹೇಳುವ ಚಾರ್ಟ್ ನನ್ನದಾಗಿತ್ತು. ಗುರುತು ಅಷ್ಟು ಚಿಕ್ಕದಾಗದೆ ಸ್ವಲ್ಪ ಕಾಣುವಂತಿದ್ದರೆ ನಾನು ಈ ತಪ್ಪನ್ನು ಗಮನಿಸದೆ ಹಾಗೇ ಮುದ್ರಿಸಿಬಿಡುತ್ತಿದ್ದೆ ಎಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಐದು ದಿನದ ವ್ಯತ್ಯಾಸ ವರ್ಷದ ಅಕ್ಷದಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ.

ಮದ್ದು ತಿಳಿಯಿತು: ಎಲ್ಲ ಬಿಂದುಗಳಿಂದ ನಡುಭಾಗದ 110ನ್ನು ಕಳೆಯುವುದು, ಆಮೇಲೆ ಲಂಬ ಅಳತೆಯನ್ನು ತಿರುಗಿಸುವುದು. ಕಳೆದೆ. ಗೇಟು 11ನೇ ತಾರೀಖಿಗೆ ಸರಿಯಾಗಿ ಬಂದು ಕೂತಿತು. ಗಾತ್ರ ಮಾತ್ರ ಎರಡು ಪಾಯಿಂಟೇ.

ಈ ಹಂತದಲ್ಲಿ ಒಂದು ಇಡೀ ಸಂಜೆ ಹೋಯಿತು. ಬಿಂದುಗಳನ್ನು ಪರದೆಯ ಮೇಲೆ ಅಚ್ಚು ಹಾಕಿಸಿ ಸಾಲುಸಾಲಾಗಿ ಓದಿದೆ; -10ರಿಂದ 10ರೊಳಗೆ ಎಲ್ಲವೂ ಸರಿಯಾಗಿತ್ತು, ನಡುನಡುವೆ ಒಂದೊಂದು (-110, 110) ಬಿಟ್ಟು. ಅವು ಮುಚ್ಚುವ ಸಂಕೇತದ ಜೊತೆಗೆ ನಾನು ಕಾಟಾಚಾರಕ್ಕೆ ಬರೆದಿದ್ದ ಸೊನ್ನೆ ಸೊನ್ನೆಗಳು. ಚಿತ್ರಿಸುವಾಗ ಲೈಬ್ರರಿ ಅವುಗಳನ್ನು ಗಣಿಸುವುದಿಲ್ಲ ಎಂಬುದು ನಿಜ, ಗಾತ್ರ ಅಳೆಯುವಾಗ ಮಾತ್ರ ಗಣಿಸುತ್ತದೆ. ಎಲ್ಲದರಿಂದ 110 ಕಳೆದಾಗ ಸೊನ್ನೆಯಿಂದಲೂ 110 ಕಳೆದು, ಅತಿ ದೊಡ್ಡ ಅಂಕಿ ಮತ್ತೆ 110 ಆಗಿತ್ತು. ಮುಚ್ಚುವ ಸಂಕೇತಕ್ಕೆ ಸೊನ್ನೆಯ ಬದಲು ಆ ತುಂಡು ಹೊರಟ ಬಿಂದುವನ್ನೇ ಮತ್ತೊಮ್ಮೆ ಬರೆಯುವಂತೆ ನನ್ನ ಪ್ರೋಗ್ರಾಂ ತಿದ್ದಿದೆ. ಗೇಟು 24 ಪಾಯಿಂಟಿಗೆ ಹಿಗ್ಗಿ, ತುಂಡಾದ ಸರಪಳಿಯ ಕೊಂಡಿ ಸಮೇತ ಕಂಡಿತು. ಯಾರಾದರೂ ಈ ದಾರಿಯಲ್ಲಿ ಹೊರಟರೆ ಬೇರೆ ಏನು ಮರೆತರೂ ಇದೊಂದನ್ನು ಮರೆಯಬಾರದೆಂದು ನನ್ನ ಅನಿಸಿಕೆ.

ಈ ಅಳೆಯುವ ಕ್ರಮದಿಂದ ಇನ್ನೊಂದು ಪರಿಣಾಮವಿದೆ. ಪ್ರತಿ ಗುರುತನ್ನೂ ಅದರದರ ಅತಿ ದೊಡ್ಡ ಅಂಕಿಗೆ ತಕ್ಕಂತೆ ಹಿಗ್ಗಿಸುವುದರಿಂದ, ಬೇಕೆಂದೇ ಚಿಕ್ಕದಾಗಿ ಬರೆದ ಗುರುತೂ ದೊಡ್ಡದಾಗಿಬಿಡುತ್ತದೆ. ನಾನು ಮಳೆಯ ಗೆರೆಗಳನ್ನು ಪೆಟ್ಟಿಗೆಯ ಮುಕ್ಕಾಲು ಪಾಲಿಗೆ ಬರೆದಿದ್ದರೂ ಅವು ಸೊನ್ನೆಗಳಷ್ಟೇ ಎತ್ತರ ಬೆಳೆದು, ಜುಲೈ ತಿಂಗಳ ಸಾಲಿನಲ್ಲಿ ಮಳೆಯೇ ಎದ್ದು ಕಾಣುತ್ತಿತ್ತು. ಇದನ್ನು ತಡೆಯಲು ಪಾತ್‌ನ ಆರಂಭದಲ್ಲಿ (1, 1) ಎಂಬ ಬಿಂದುವಿಗೆ ಬರೀ ಪೆನ್ನೆತ್ತಿ ಹೋಗುವ ಒಂದು ಸಂಕೇತ ಸೇರಿಸಿದೆ. ಅಲ್ಲಿಂದ ಗೆರೆ ಎಳೆಯುವುದಿಲ್ಲವಾದ್ದರಿಂದ ಏನೂ ಕಾಣುವುದಿಲ್ಲ, ಆದರೆ ಅಳತೆಗೆ ಅದು ಲೆಕ್ಕಕ್ಕೆ ಸಿಗುತ್ತದೆ. ಹೊಲದ ಮೂಲೆಯ ಗಡಿಕಲ್ಲಿನ ಹಾಗೆ.

ತಿಂಗಳ ಸಾಲುಗಳ ಜೋಡಣೆಯಲ್ಲಿ ಹೆಚ್ಚು ತೊಡಕಾಗಲಿಲ್ಲ. ಮೊದಲು ಇಡೀ ವರ್ಷವನ್ನು ಒಂದೇ ಅಕ್ಷದಲ್ಲಿ ಹರಡಿ ನೋಡಿದಾಗ ಎರಡೆರಡು ಪಾಯಿಂಟಿನ ದಿನಗಳ ಮೇಲೆ ಹದಿನಾಲ್ಕು ಪಾಯಿಂಟಿನ ಗುರುತುಗಳು ಒಂದರ ಮೇಲೊಂದು ಬಿದ್ದು ಸಂತೆಯಾಗಿತ್ತು; ಅಪ್ಪನ ನೋಟ್‌ಬುಕ್ಕಿನಂತೆಯೇ ತಿಂಗಳಿಗೊಂದು ಸಾಲು ಮಾಡಿದಾಗ ಒಂದು ದಿನಕ್ಕೆ 23 ಪಾಯಿಂಟ್ ಜಾಗ ಸಿಕ್ಕಿತು. ಅಕ್ಷದ ಮಿತಿಯನ್ನು 1ರಿಂದ 31 ಎಂದು ಕೊಟ್ಟಿದ್ದರಿಂದ ತಿಂಗಳ ಮೊದಲ ಮತ್ತು ಕೊನೆಯ ದಿನದ ಗುರುತುಗಳು ಅರ್ಧಕ್ಕೆ ಕತ್ತರಿಸಿಹೋದವು, 0.5ರಿಂದ 31.5ಕ್ಕೆ ಬದಲಿಸಿದೆ. ಬಣ್ಣಗಳ ಗೊಡವೆಗೆ ಹೋಗಲಿಲ್ಲ, ಏಕೆಂದರೆ ನಮ್ಮಲ್ಲಿ ಜೆರಾಕ್ಸ್ ಅಂಗಡಿಯ ದೊಡ್ಡ ಹಾಳೆ ಕಪ್ಪು ಬಿಳುಪಿನಲ್ಲೇ ಬರುತ್ತದೆ. ಗುರುತಿನ ಅರ್ಥವನ್ನು ಆಕಾರವೇ ಹೊರಬೇಕು.

ಕನ್ನಡ ಅಕ್ಷರ ಮಾತ್ರ ಕೊನೆಯವರೆಗೂ ಸತಾಯಿಸಿತು. ಲೈಬ್ರರಿಯ ಜೊತೆಗೆ ಬರುವ ಅಕ್ಷರಮಾಲೆಯಲ್ಲಿ ಕನ್ನಡವಿಲ್ಲ, ಬರೀ ಪೆಟ್ಟಿಗೆಗಳು ಬರುತ್ತವೆ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟನ್ನು ಸೇರಿಸಿದ ಮೇಲೆ ಅಕ್ಷರ ಬಂದವು, ಒತ್ತಕ್ಷರ ಬರಲಿಲ್ಲ. ನನ್ನಲ್ಲಿದ್ದ ಆವೃತ್ತಿಯು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದನ್ನಷ್ಟೇ ಬಲ್ಲದು, ಅವುಗಳನ್ನು ಕೂಡಿಸಿ ಕಾಗುಣಿತ ಒತ್ತುಗಳನ್ನು ಕಟ್ಟುವ ಕೆಲಸ ಅದಕ್ಕೆ ಬರುವುದಿಲ್ಲ. ಜೂನ್, ಜುಲೈ ಹೇಗೋ ಓದಬಹುದಿತ್ತು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ಅಕ್ಷರ ಕಲಿಯುವ ಮಗು ಬಿಡಿಸಿ ಬಿಡಿಸಿ ಬರೆದಂತೆ ಚೆದುರಿಹೋಗಿದ್ದವು. ಚಿತ್ರವನ್ನು ನೇರವಾಗಿ ಪಿಎನ್‌ಜಿ ಮಾಡದೆ ಎಸ್‌ವಿಜಿ ಮಾಡಿ, ಅದರಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸದೆ ಪಠ್ಯವಾಗಿಯೇ ಉಳಿಸುವಂತೆ ಫಾಂಟ್‌ಟೈಪ್ ಎಂಬ ಆಯ್ಕೆಯನ್ನು ನನ್ (none) ಎಂದು ಬದಲಿಸಿದೆ. ಆ ಕಡತವನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಒತ್ತಕ್ಷರ ಕೂಡಿಸುವ ಕೆಲಸವನ್ನು ಅದು ಮಾಡುತ್ತದೆ; ಅಲ್ಲಿಂದ ಪಿಡಿಎಫ್ ತೆಗೆದೆ. ಸ್ವಂತ ಗುರುತುಗಳು ಈ ಓಡಾಟದಲ್ಲಿ ಒಂದಿಷ್ಟೂ ಕದಲಲಿಲ್ಲ.

ಎ3 ಹಾಳೆಯಲ್ಲಿ ಮುದ್ರಿಸಿದ 2024-25ರ ಚಾರ್ಟನ್ನು ಅಪ್ಪ ಕಟ್ಟೆಯ ಮೇಲೆ ಹಾಸಿ, ಕನ್ನಡಕ ಹಾಕಿಕೊಂಡು, ಜೂನ್‌ನಿಂದ ಸಾಲು ಸಾಲಾಗಿ ಬೆರಳಾಡಿಸುತ್ತ ಬಂದರು. ಆಗಸ್ಟ್ ಸಾಲಿನಲ್ಲಿ ಬೆರಳು ನಿಂತಿತು.

"ತಮ್ಮಾ, ಗೇಟ್ ಮುರದ ದಿನ ನಮ್ಮ ತೂಬಿನ್ಯಾಗ ನೀರು ಎಷ್ಟಿತ್ತು?"

"ಗೇಟಿನ ಗುರ್ತು ಐತಲ್ಲಪ್ಪಾ ಅಲ್ಲಿ."

"ಗೇಟ್ ಅಣೆಕಟ್ಟಿನ್ಯಾಗ ಮುರದದ್ದು. ನಾ ಕೇಳಿದ್ದು ನಮ್ಮ ತೂಬು."

ನೋಟ್‌ಬುಕ್ ತೆಗೆದು ನೋಡಿದೆವು. ಅವರ ಮಾತೇ ಸರಿ. 11ನೇ ತಾರೀಖಿನ ಮನೆಯ ನಡುವೆ ಪೂರ್ತಿ ತುಂಬಿದ ಸೊನ್ನೆ ಇದೆ, ಗೇಟನ್ನು ಅದರ ಬಲಮೇಲಿನ ಮೂಲೆಯಲ್ಲಿ ಚಿಕ್ಕದಾಗಿ ಬರೆದಿದ್ದಾರೆ. ನನ್ನ ಪ್ರೋಗ್ರಾಂ ಎರಡನ್ನೂ ಒಂದೇ ಬಿಂದುವಿನ ಮೇಲೆ ಬರೆದು, ಕೊನೆಗೆ ಬರೆದ ಗೇಟಿನ ಅಡಿಯಲ್ಲಿ ಸೊನ್ನೆಯನ್ನು ಹೂತಿತ್ತು. ಅಣೆಕಟ್ಟಿನಿಂದ ನೀರು ನದಿಗೆ ಹರಿದುಹೋಗುತ್ತಿದ್ದ ದಿನವೂ ಕಾಲುವೆಯ ಕೊನೆಯಲ್ಲಿರುವ ನಮ್ಮ ತೂಬು ತುಂಬಿ ಹರಿದಿತ್ತು ಎಂಬುದು ಅಪ್ಪನಿಗೆ ಮುಖ್ಯವಾದ ದಾಖಲೆ. ಅದನ್ನೇ ನಾನು ಮುಚ್ಚಿದ್ದೆ.

ಗುರುತನ್ನು ಕೆಲವು ಪಾಯಿಂಟ್ ಪಕ್ಕಕ್ಕೆ ಸರಿಸಲು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಟ್ರಾನ್ಸ್‌ಫಾರ್ಮ್ ಎಂಬ ಬೇರೆ ಏರ್ಪಾಡೇ ಇದೆ. ಅದರ ಅಗತ್ಯ ಬೀಳಲಿಲ್ಲ. ಹಿಂದಿನ ವಾರ ನನ್ನನ್ನು ದಾರಿ ತಪ್ಪಿಸಿದ ಸರಿದಾಟವನ್ನೇ ಈಗ ಬೇಕೆಂದು ಮಾಡಿದೆ. ಗೇಟಿನ ಬಿಂದುಗಳನ್ನೆಲ್ಲ ಎರಡೂ ಅಳತೆಯಲ್ಲಿ 0.45ರಿಂದ 1ರೊಳಗೆ ಬರುವಂತೆ ಕುಗ್ಗಿಸಿ, ಪೆಟ್ಟಿಗೆಯ ಬಲಮೇಲಿನ ಮೂಲೆಗೆ ಕಳಿಸಿ, ಗುರುತಿನ ಗಾತ್ರವನ್ನು 22 ಪಾಯಿಂಟಿಗೆ ಏರಿಸಿದೆ. ಆಗ ಗೇಟಿನ ಕೆಳಗಿನ ಎಡ ಮೂಲೆ ನಡುವಿನಿಂದ ಎರಡೂ ಕಡೆಗೆ 4.95 ಪಾಯಿಂಟ್ ದೂರಕ್ಕೆ ಬರುತ್ತದೆ. 14 ಪಾಯಿಂಟಿನ ಸೊನ್ನೆಯ ಅಂಚು ಆ ಓರೆಯಲ್ಲಿ ಹಾದುಹೋಗುವುದೂ ಅಲ್ಲಿಯೇ. ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಒಂದನ್ನೊಂದು ತಿನ್ನುವುದಿಲ್ಲ. ಮುದ್ರಿಸಿದ ಹಾಳೆಯಲ್ಲಿ ಆ ಗೇಟು ಕೆಲವೇ ಮಿಲಿಮೀಟರ್ ಬಂದಿದೆ, ಸರಪಳಿ ತುಂಡಾಗಿರುವುದು ಕನ್ನಡಕವಿದ್ದರೆ ಕಾಣುತ್ತದೆ.

ಇದೇ ರೀತಿ ಮಳೆಯ ಗೆರೆಗಳನ್ನು ಎಡಮೇಲಿನ ಮೂಲೆಗೆ ಕಳಿಸಿದೆ, ಏಕೆಂದರೆ ಮಳೆ ಬಂದ ದಿನವೂ ತೂಬಿನಲ್ಲಿ ನೀರು ಬಂದಿರಬಹುದು, ಬಾರದೆಯೂ ಇರಬಹುದು. ನೋಟ್‌ಬುಕ್ಕನ್ನು ಮತ್ತೆ ತಿರುವಿ ನೋಡಿದಾಗ ಅಂಥ ಮನೆಗಳು ಹದಿನೇಳು ಸಿಕ್ಕವು, ಅವೆಲ್ಲದರಲ್ಲೂ ತಂಗಿ ಒಂದೇ ಗುರುತು ಓದಿದ್ದಳು, ನಾನು ಒಂದೇ ಬರೆದುಕೊಂಡಿದ್ದೆ. ದಾಖಲೆಯ ಕಡತದಲ್ಲಿ ದಿನಕ್ಕೆ ಎರಡು ಅಂಕಣ ಮಾಡಿ ಅವಷ್ಟನ್ನೂ ತಿದ್ದಿದೆವು.

ಹೊಸ ಹಾಳೆ ಈಗ ಪಡಸಾಲೆಯ ಗೋಡೆಯ ಮೇಲಿದೆ. ತಪ್ಪಾಗಿ ಮುದ್ರಿಸಿದ ಮೊದಲ ಹಾಳೆಯನ್ನು ಅಪ್ಪ ಬಿಸಾಡಲು ಬಿಡಲಿಲ್ಲ. ಅದರ ಹಿಂಬದಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು, ಈ ವರ್ಷದ ಮನೆಗಳನ್ನು ಹಾಕಿಕೊಂಡಿದ್ದಾರೆ.